ಕಂಪ್ಯೂಟರ್ ಕೈಕೊಟ್ಟಾಗ ಎಲ್ಲಿ ಕೇಳೋದು? ಒಂದೇ ಪ್ರಶ್ನೆ, ನಾಲ್ಕು ಜಾಗ

ಸಾಫ್ಟ್‌ವೇರ್ ಸಹಾಯ ಕೇಳುವ ಜಾಗ ಒಳ್ಳೆಯದಾ ಅಲ್ವಾ ಅಂತ ನೋಡಲು ನನ್ನ ಅಳತೆ ಒಂದೇ: ಅಲ್ಲಿಯವರು ನಮ್ಮನ್ನು ತಿರುಗಿ ಏನಾದರೂ ಕೇಳುತ್ತಾರಾ? ಎಷ್ಟು ಜನ ಇದ್ದಾರೆ, ಉತ್ತರ ಎಷ್ಟು ಬೇಗ ಬಂತು ಅನ್ನುವುದೆಲ್ಲ ಆಮೇಲೆ. ಯಾಕೆಂದರೆ ಸಹಾಯ ಕೇಳುವವರು ಮೊದಲ ಸಲಕ್ಕೇ ಬೇಕಾದ ವಿವರ ಎಲ್ಲಾ ಕೊಡುವುದು ಬಹಳ ಅಪರೂಪ.

ನನ್ನ ಸಮಸ್ಯೆ ಹೀಗಿತ್ತು. ಲಿನಕ್ಸ್ ಇರುವ ಲ್ಯಾಪ್‌ಟಾಪ್. ಕರ್ನಲ್ (ಲಿನಕ್ಸ್‌ನ ತಿರುಳು ಭಾಗ) ಅಪ್‌ಡೇಟ್ ಆದ ಮೇಲೆ ಸ್ಲೀಪ್‌ಗೆ ಹೋದರೆ ಸರಿಯಾಗಿ ಏಳುತ್ತಿರಲಿಲ್ಲ. ಮುಚ್ಚಳ ತೆರೆದರೆ ಫ್ಯಾನ್ ತಿರುಗುವ ಸದ್ದು ಕೇಳುತ್ತದೆ, ಪರದೆ ಮಾತ್ರ ಕಪ್ಪು. ಇದನ್ನು ನಾಲ್ಕು ಬಗೆಯ ಜಾಗಗಳಲ್ಲಿ ಒಂದಾದ ಮೇಲೆ ಒಂದರಂತೆ ಕೇಳಿದೆ. ಒಂದೇ ಹೊತ್ತಿಗೆ ಎಲ್ಲಾ ಕಡೆ ಹಾಕಿದರೆ, ಒಂದು ಕಡೆ ಉತ್ತರ ಸಿಕ್ಕಿದ್ದು ಗೊತ್ತಿಲ್ಲದೆ ಇನ್ನೊಂದು ಕಡೆಯವರು ಸುಮ್ನೆ ತಲೆ ಕೆಡಿಸಿಕೊಳ್ಳುತ್ತಾರೆ.

ಮೊದಲು ಪ್ರಶ್ನೋತ್ತರ ತಾಣಗಳು. ಈ ಮಾದರಿಯಲ್ಲಿ ದೊಡ್ಡ ಹೆಸರು ಸ್ಟಾಕ್ ಓವರ್‌ಫ್ಲೋ. 2008ರಲ್ಲಿ ಜೆಫ್ ಆಟ್‌ವುಡ್ ಮತ್ತು ಜೋಯೆಲ್ ಸ್ಪಾಲ್ಸ್ಕಿ ಶುರು ಮಾಡಿದ್ದು. ಅದು ಪ್ರೋಗ್ರಾಮ್ ಬರೆಯುವವರಿಗೆ. ನಮ್ಮಂಥ ಬಳಕೆದಾರರಿಗೆ ಅದೇ ಮನೆಯ ಸೂಪರ್ ಯೂಸರ್, ಆಸ್ಕ್ ಉಬುಂಟು ಇವೆ. ಮೇಲೆ ಪ್ರಶ್ನೆ, ಕೆಳಗೆ ಉತ್ತರ, ಹರಟೆಗೆ ಜಾಗ ಇಲ್ಲ. ಜಾಸ್ತಿ ವೋಟು ಬಿದ್ದ ಉತ್ತರ ಮೇಲಕ್ಕೆ ಬರುತ್ತದೆ. ಎರರ್ ಸಾಲನ್ನು ಹಾಗೇ ಕಾಪಿ ಮಾಡಿ ಹುಡುಕಿ ಓದುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಂಡಿಲ್ಲ. 2022ರ ಡಿಸೆಂಬರ್‌ನಲ್ಲಿ ಚಾಟ್‌ಜಿಪಿಟಿ ಬರೆದ ಉತ್ತರಗಳನ್ನು ಸ್ಟಾಕ್ ಓವರ್‌ಫ್ಲೋ ನಿಷೇಧಿಸಿದ್ದೂ ಸರಿ ಅಂತಲೇ ನನ್ನ ಅಭಿಪ್ರಾಯ. ಓದಲು ಸರಿಯಾಗಿ ಕಾಣುವ ತಪ್ಪು ಉತ್ತರವನ್ನು ಹಿಡಿಯುವುದು ಬಹಳ ಕಷ್ಟ.

ಓದುವುದು ಬೇರೆ, ಕೇಳುವುದು ಬೇರೆ. ಇಲ್ಲಿ ಬೇರೆಯವರ ಪೋಸ್ಟ್‌ಗೆ ಕಾಮೆಂಟ್ ಹಾಕಲು, ಬೇರೆಯವರ ವೋಟಿನಿಂದ ಬರುವ ಅಂಕ 50 ಬೇಕು. ಹೊಸಬರು ಶುರು ಮಾಡುವುದು 1 ಅಂಕದಿಂದ. ‘ನನಗೂ ಹೀಗೇ ಆಗಿದೆ, ಆದರೆ ನನ್ನ ಗ್ರಾಫಿಕ್ಸ್ ಚಿಪ್ ಬೇರೆ’ ಅನ್ನುವ ಒಂದು ಸಾಲು ಹೇಳಲೂ ದಾರಿ ಇಲ್ಲ. ಇಂಥದ್ದೇ ಒಂದು ತಾಣದಲ್ಲಿ ನಾನು ಹಾಕಿದ ಪ್ರಶ್ನೆ, ಹಿಂದೆಯೇ ಕೇಳಿದ್ದಾರೆ ಅಂತ ಮುಚ್ಚಿಹೋಯಿತು. ತೋರಿಸಿದ ಹಳೆಯ ಪ್ರಶ್ನೆ ಹೈಬರ್ನೇಟ್ (ಎಲ್ಲವನ್ನೂ ಡಿಸ್ಕ್‌ಗೆ ಬರೆದು ಯಂತ್ರ ಪೂರ್ತಿ ಆರುವುದು) ಬಗ್ಗೆ, ನನ್ನದು ಸ್ಲೀಪ್ ಬಗ್ಗೆ. ಮುಚ್ಚುವ ಮುಂಚೆ ಯಾರೂ ನನ್ನನ್ನು ಒಂದು ಮಾತು ಕೇಳಲಿಲ್ಲ.

ರೆಡಿಟ್ ಬಗ್ಗೆ ಹೇಳುವುದು ಕಡಿಮೆ. ಒಂದೊಂದು ಡಿಸ್ಟ್ರೋಗೂ (ಉಬುಂಟುವಿನಂಥ ಲಿನಕ್ಸ್‌ನ ಬೇರೆ ಬೇರೆ ರೂಪ) ಒಂದೊಂದು ಗುಂಪಿದೆ, ಉತ್ತರ ಬೇಗ ಬರುತ್ತದೆ, ಅದರಲ್ಲಿ ಅರ್ಧ ‘ಡಿಸ್ಟ್ರೋ ಬದಲಿಸಿ’ ಅನ್ನುವ ಸಲಹೆ. ಮಾರನೇ ದಿನಕ್ಕೆ ಪೋಸ್ಟ್ ಕೆಳಗೆ ಹೋಗಿರುತ್ತದೆ, ಆಮೇಲೆ ಅದನ್ನು ನೋಡುವವರೇ ಇಲ್ಲ. ಯಾವ ಲ್ಯಾಪ್‌ಟಾಪ್ ಕೊಳ್ಳಲಿ, ಯಾವ ಎಡಿಟರ್ ಚೆನ್ನ ಅನ್ನುವಂಥ ಅಭಿಪ್ರಾಯ ಬೇಕಿದ್ದರೆ ಸರಿ, ರಿಪೇರಿಗೆ ಅಲ್ಲ. 2023ರ ಜೂನ್‌ನಲ್ಲಿ ಎಪಿಐ (ಹೊರಗಿನ ಆ್ಯಪ್‌ಗಳು ರೆಡಿಟ್‌ನ ಮಾಹಿತಿ ಪಡೆಯುವ ದಾರಿ) ಶುಲ್ಕ ವಿರೋಧಿಸಿ ಸಾವಿರಾರು ಗುಂಪುಗಳು ಬಾಗಿಲು ಹಾಕಿದಾಗ ಹಳೆಯ ಉತ್ತರಗಳೂ ಒಳಗೇ ಉಳಿದವು. ಒಂದೇ ಕಂಪನಿಯ ಜಾಗದಲ್ಲಿ ಎಲ್ಲವನ್ನೂ ಇಟ್ಟರೆ ಹೀಗಾಗುತ್ತದೆ.

ಚಾಟ್ ಗುಂಪುಗಳ ಸ್ವಭಾವವೇ ಬೇರೆ. ಇದು ಹೊಸತೇನಲ್ಲ, ಐಆರ್‌ಸಿ ಅನ್ನುವ ಹಳೆಯ ಚಾಟ್ ವ್ಯವಸ್ಥೆ 1988ರದ್ದು. ಈಗ ಅದೇ ಕೆಲಸ ಡಿಸ್ಕಾರ್ಡ್, ಟೆಲಿಗ್ರಾಂಗಳಲ್ಲಿ ಜಾಸ್ತಿ ನಡೆಯುತ್ತದೆ. ‘ಯಾರಾದರೂ ಇದ್ದೀರಾ?’ ಅಂತ ಕೇಳಬೇಡಿ, ಯಾರೂ ಮಾತಾಡುವುದಿಲ್ಲ. ನೇರ ವಿಷಯ ಹಾಕಿ. ನಾನು ಹಾಕಿದ ಸ್ವಲ್ಪ ಹೊತ್ತಿಗೇ ಒಬ್ಬರು ಕೇಳಿದರು: ‘ಪರದೆ ಕಪ್ಪಗಿರುವಾಗ ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಅದರ ದೀಪ ಹತ್ತಿ ಆರುತ್ತದಾ?’ ಹತ್ತಿತು, ಆರಿತು. ಅಂದರೆ ಯಂತ್ರ ಎದ್ದಿದೆ, ಕರ್ನಲ್ ಕೆಲಸ ಮಾಡುತ್ತಿದೆ, ಏಳದೇ ಇರುವುದು ಪರದೆ ಮಾತ್ರ. ಅನುಮಾನ ಗ್ರಾಫಿಕ್ಸ್ ಡ್ರೈವರ್ ಕಡೆ ತಿರುಗಿತು. ಅಷ್ಟು ದಿನ ನಾನು ಬ್ಯಾಟರಿ, ಬಯೋಸ್ ಸೆಟ್ಟಿಂಗ್ ಅಂತ ಹುಡುಕುತ್ತಿದ್ದೆ!

ಆದರೆ ಆ ಮಾತುಕತೆ ಈಗ ಎಲ್ಲಿದೆ? ಡಿಸ್ಕಾರ್ಡ್ ಸರ್ವರ್ ಒಳಗಿನ ಮಾತು ಸಾಮಾನ್ಯವಾಗಿ ಗೂಗಲ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ಅದೇ ಪ್ರಶ್ನೆಯನ್ನು ಇನ್ನೊಬ್ಬರು ಬಂದು ಕೇಳುತ್ತಾರೆ, ಅವರೇ ಪುಣ್ಯಾತ್ಮರು ಮತ್ತೆ ಮೊದಲಿನಿಂದ ಹೇಳುತ್ತಾರೆ. ಇನ್ನೊಂದು ಅಪಾಯ ಇದೆ. ತಪ್ಪು ಸಲಹೆ ಬಂದರೆ ತಿದ್ದುವವರು ಆ ಹೊತ್ತಿಗೆ ಆನ್‌ಲೈನ್ ಇರಬೇಕು. ‘ಸುಡೋ’ದಿಂದ (ಯಂತ್ರದ ಪೂರ್ತಿ ಅಧಿಕಾರ ಕೊಡುವ ಪದ) ಶುರುವಾಗುವ ಕಮಾಂಡ್ ಯಾರೋ ಕೊಟ್ಟರೆ ಅರ್ಥ ಮಾಡಿಕೊಳ್ಳದೆ ಹೊಡೆಯಬೇಡಿ. ‘ಸಪೋರ್ಟ್ ತಂಡದವರು’ ಅಂತ ಹೇಳಿಕೊಂಡು ಖಾಸಗಿ ಮೆಸೇಜ್ ಮಾಡುವವರನ್ನು ಆಗಲೇ ಬ್ಲಾಕ್ ಮಾಡಿ.

ಕೊನೆಗೆ ಕೆಲಸ ಆಗಿದ್ದು ಡಿಸ್ಟ್ರೋದವರೇ ನಡೆಸುವ ಫೋರಂನಲ್ಲಿ. ಇಂಥ ಎಷ್ಟೋ ಫೋರಂಗಳು ಡಿಸ್ಕೋರ್ಸ್ ಅನ್ನುವ ತಂತ್ರಾಂಶದ ಮೇಲೆ ಓಡುತ್ತವೆ. ಅದನ್ನು ಕಟ್ಟಿದವರಲ್ಲಿಯೂ ಮೇಲೆ ಹೇಳಿದ ಜೆಫ್ ಆಟ್‌ವುಡ್ ಒಬ್ಬರು. ಮಾತುಕತೆಗೆ ಜಾಗವೇ ಇಲ್ಲದ ತಾಣ ಕಟ್ಟಿದವರು ಆಮೇಲೆ ಮಾತುಕತೆಗೆಂದೇ ಒಂದನ್ನು ಕಟ್ಟಿದರು, ತಮಾಷೆ ಅಲ್ವಾ?

ಇಲ್ಲಿ ಉತ್ತರ ನಿಧಾನ. ಮೊದಲ ಉತ್ತರವೇ ಪ್ರಶ್ನೆಗಳ ಪಟ್ಟಿ. ಕರ್ನಲ್ ಆವೃತ್ತಿ ಎಷ್ಟು, ಗ್ರಾಫಿಕ್ಸ್ ಚಿಪ್ ಯಾವುದು, ‘ಜರ್ನಲ್‌ಸಿಟಿಎಲ್ -ಬಿ -1’ ಹೊಡೆದರೆ ಏನು ಬರುತ್ತದೆ. ಆ ಕಮಾಂಡ್ ಹಿಂದಿನ ಸಲ ಬೂಟ್ ಆದಾಗಿನ ಲಾಗ್ (ಯಂತ್ರ ತಾನೇ ಬರೆದಿಡುವ ದಾಖಲೆ) ತೋರಿಸುತ್ತದೆ. ಪರದೆ ಕಪ್ಪಾಗಿ ಪವರ್ ಬಟನ್ ಒತ್ತಿ ಆರಿಸಿದ ಮೇಲೂ ಆಗ ನಡೆದದ್ದು ಅಲ್ಲಿ ಬಹುಮಟ್ಟಿಗೆ ಉಳಿದಿರುತ್ತದೆ. ಲಾಗ್‌ನ ಫೋಟೋ ತೆಗೆದು ಹಾಕಿದರೆ ಬೈಸಿಕೊಳ್ಳುತ್ತೀರಿ. ಅಕ್ಷರವಾಗಿ ಹಾಕಿದರೆ ಮಾತ್ರ ಬೇರೆಯವರು ಅದರೊಳಗೆ ಹುಡುಕಬಹುದು. ನನ್ನ ಲಾಗ್‌ನಲ್ಲಿ ಗ್ರಾಫಿಕ್ಸ್ ಡ್ರೈವರ್‌ನ ಎರರ್ ಸಾಲುಗಳು ಸಾಲಾಗಿ ನಿಂತಿದ್ದವು. ಬೂಟ್ ಆಗುವಾಗ ಬರುವ ಗ್ರಬ್ ಅನ್ನುವ ಆಯ್ಕೆ ಮೆನುವಿನಲ್ಲಿ ಹಳೆಯ ಕರ್ನಲ್ ಆರಿಸಿ ನೋಡಿ ಅಂದರು. ಅದರಲ್ಲಿ ಸ್ಲೀಪ್ ಸರಿಯಾಗಿತ್ತು. ಅದೇ ಚಿಪ್ ಇರುವ ಇನ್ನೂ ಕೆಲವರು ಬಂದು ತಮ್ಮ ಲಾಗ್ ಸೇರಿಸಿದರು. ತೊಂದರೆ ಒಬ್ಬನದಲ್ಲ ಅಂತ ಗೊತ್ತಾಗಿದ್ದು ಹಾಗೆ.

ಈಗ ನನ್ನ ರೂಢಿ ಇಷ್ಟು: ಹುಡುಕಲು ಪ್ರಶ್ನೋತ್ತರ ತಾಣ, ಕೇಳಲು ಫೋರಂ. ಚಾಟ್‌ಗೆ ಹೋಗುವುದು ಯಂತ್ರ ಎದುರಿಗಿದ್ದು ಏನು ನೋಡಬೇಕು ಅಂತಲೇ ತಿಳಿಯದಿದ್ದಾಗ. ಅಲ್ಲಿ ಗೊತ್ತಾದದ್ದನ್ನು ಫೋರಂಗೆ ತಂದು ಬರೆದಿಡುತ್ತೇನೆ. ತಂತ್ರಾಂಶದ ಕೋಡ್ ಇಟ್ಟಿರುವ ಗಿಟ್‌ಹಬ್‌ನಂಥ ಕಡೆ ಬಗ್ (ತಂತ್ರಾಂಶದ ದೋಷ) ವರದಿ ಹಾಕುವುದು ಇವೆಲ್ಲ ಆದ ಮೇಲೆ, ಫೋರಂನವರೇ ‘ಇದು ಬಗ್ ಇರಬೇಕು, ವರದಿ ಮಾಡಿ’ ಅಂದರೆ. ಹಾಗೆ ಹಾಕುವಾಗ ಯಾವ ಆವೃತ್ತಿಯವರೆಗೆ ಸರಿಯಿತ್ತು, ಯಾವುದರಿಂದ ಕೆಟ್ಟಿತು ಅನ್ನುವುದನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಡೆವಲಪರ್‌ಗಳು ಮೊದಲು ಕೇಳುವುದೇ ಅದನ್ನು.