ಎಂಜಿನ್‌ಎಕ್ಸ್‌ನಲ್ಲಿ ಡಿಎನ್‌ಎಸ್: ಒಮ್ಮೆ ಕೇಳಿದರೆ ಸಾಕೋ, ಆಗಾಗ ಕೇಳಬೇಕೋ?

ಮಂಡ್ಯದ ಬೆಲ್ಲದ ವ್ಯಾಪಾರಿಯೊಬ್ಬರ ಬಿಲ್ಲಿಂಗ್ ಸೈಟನ್ನು ನಾನು ಮೈಸೂರಿನ ಸರಸ್ವತಿಪುರಂನಲ್ಲಿ ಕೂತು ನೋಡಿಕೊಳ್ಳುತ್ತೇನೆ. ಒಂದು ಬೆಳಿಗ್ಗೆ ಅವರ ಫೋನ್: "ಏನ್ ಸಾರ್, ಬರೀ 502 ಅಂತ ತೋರಿಸ್ತದೆ!" 502 ಅಂದರೆ ಸರ್ವರ್‌ಗೆ ಅದರ ಹಿಂದಿರುವ ಆ್ಯಪ್‌ನಿಂದ ಸರಿಯಾದ ಉತ್ತರ ಸಿಗಲಿಲ್ಲ ಎಂದು. ರಾತ್ರಿ ಆ್ಯಪ್‌ನ ಕಂಟೈನರ್ (ಆ್ಯಪ್ ಓಡುವ ಪ್ರತ್ಯೇಕ ಡಬ್ಬಿ) ಹೊಸದಾಗಿ ಎದ್ದು ಅದರ ಐಪಿ ವಿಳಾಸ ಬದಲಾಗಿತ್ತು. ಬಂದ ಕೋರಿಕೆಗಳನ್ನು ಆ್ಯಪ್‌ಗೆ ದಾಟಿಸುವ ವೆಬ್ ಸರ್ವರ್ ಎಂಜಿನ್‌ಎಕ್ಸ್ ಮಾತ್ರ ಹಳೇ ಮನೆ ಬಾಗಿಲನ್ನೇ ತಟ್ಟುತ್ತಿತ್ತು.

ಕೋರಿಕೆ ಎಲ್ಲಿಗೆ ಹೋಗಬೇಕೆಂದು ಹೇಳುವ ಪ್ರಾಕ್ಸಿ ಪಾಸ್ ಸಾಲಿನಲ್ಲಿ ಆ್ಯಪ್‌ನ ಹೆಸರನ್ನು ನೇರವಾಗಿ ಬರೆದರೆ ಹೀಗೇ. ಶುರುವಾಗುವಾಗ ಇಲ್ಲವೇ ರೀಲೋಡ್ ಮಾಡಿದಾಗ ಒಮ್ಮೆ ಡಿಎನ್‌ಎಸ್ (ಹೆಸರಿಗೆ ಐಪಿ ಹೇಳುವ ವ್ಯವಸ್ಥೆ) ಬಳಿ ಐಪಿ ಕೇಳಿಕೊಳ್ಳುತ್ತದೆ, ಅಷ್ಟೇ. ಶುರುವಿನಲ್ಲೇ ಹೆಸರು ಸಿಗದಿದ್ದರೆ ಸರ್ವರ್ ಏಳುವುದೇ ಇಲ್ಲ. ಐಪಿ ಬದಲಾಗದ ಮೆಷಿನ್ ಆದರೆ ಇದು ಸಾಕು, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಇನ್ನೊಂದು ದಾರಿ, ಯಾವ ಡಿಎನ್‌ಎಸ್ ಸರ್ವರನ್ನು ಕೇಳಬೇಕೆಂದು ಹೇಳುವ ರಿಸಾಲ್ವರ್ ಸಾಲು ಬರೆದು, ಹೆಸರನ್ನು ವೇರಿಯಬಲ್‌ಗೆ ಹಾಕಿ ಪ್ರಾಕ್ಸಿ ಪಾಸ್‌ಗೆ ಕೊಡುವುದು. ವೇರಿಯಬಲ್ ಇಲ್ಲದೆ ಬರೀ ರಿಸಾಲ್ವರ್ ಬರೆದರೆ ಏನೂ ಬದಲಾಗದು. ಇದು ತಿಳಿಯದೆ ನಾನು ಅರ್ಧ ದಿನ ಕಳೆದುಕೊಂಡೆ. ಕಂಟೈನರ್ ಓಡಿಸುವ ಡಾಕರ್‌ನಲ್ಲಿ ನೀವೇ ಮಾಡಿಕೊಂಡ ನೆಟ್‌ವರ್ಕ್ ಆದರೆ ರಿಸಾಲ್ವರ್ ವಿಳಾಸ 127.0.0.11. ಡಿಎನ್‌ಎಸ್ ಕೊಟ್ಟ ಟಿಟಿಎಲ್ (ಉತ್ತರವನ್ನು ಎಷ್ಟು ಹೊತ್ತು ಇಟ್ಟುಕೊಳ್ಳಬಹುದೆಂಬ ಅವಧಿ) ಮುಗಿದ ಮೇಲೆ ಮತ್ತೆ ಕೇಳುತ್ತದೆ. ಅದು ಜಾಸ್ತಿ ಅನಿಸಿದರೆ ರಿಸಾಲ್ವರ್ ಸಾಲಿನ ವ್ಯಾಲಿಡ್‌ನಲ್ಲಿ 10 ಸೆಕೆಂಡ್ ಇಡಿ. ತೊಡಕೂ ಇದೆ. ಈ ರಿಸಾಲ್ವರ್, ಮೆಷಿನ್‌ನಲ್ಲೇ ಹೆಸರು-ಐಪಿ ಬರೆದಿಡುವ ಹೋಸ್ಟ್ಸ್ ಫೈಲನ್ನು ನೋಡುವುದೇ ಇಲ್ಲ. ವೇರಿಯಬಲ್ ಇರುವ ಪ್ರಾಕ್ಸಿ ಪಾಸ್ ಕೊನೆಯಲ್ಲಿ ಪಾತ್ (ಪುಟದ ದಾರಿ) ಅಂಟಿಸಿದರೆ, ಗಿರಾಕಿ ಯಾವ ಪುಟ ಕೇಳಿದರೂ ಆ ಪಾತೇ ಎಂಜಿನ್‌ಎಕ್ಸ್ ಹಿಂದಿರುವ ಆ್ಯಪ್‌ಗೆ ಹೋಗುತ್ತದೆ.

ಎಂಜಿನ್‌ಎಕ್ಸ್ 1.27.3 ಇಲ್ಲವೇ ಅದರ ಮುಂದಿನ ಆವೃತ್ತಿ ಇದ್ದರೆ ಅಪ್‌ಸ್ಟ್ರೀಮ್ (ಹಿಂದಿರುವ ಸರ್ವರ್‌ಗಳ ಪಟ್ಟಿ) ಒಳಗೆ ಝೋನ್ (ಹಂಚಿಕೆಯ ಮೆಮೊರಿ) ಕೊಟ್ಟು, ಸರ್ವರ್ ಸಾಲಿಗೆ ಐಪಿ ಬದಲಾವಣೆ ಹಿಡಿಯುವ ರಿಸಾಲ್ವ್ ಸೇರಿಸಬಹುದು. ರಿಸಾಲ್ವರ್ ಸಾಲು ಇಲ್ಲೂ ಬೇಕು. ಮೊದಲು ಇದು ಕಾಸು ಕೊಟ್ಟವರ ಎಂಜಿನ್‌ಎಕ್ಸ್ ಪ್ಲಸ್‌ನಲ್ಲಿ ಮಾತ್ರ ಇತ್ತು. ಹೊಸದಾಗಿ ಹಾಕುವವರಿದ್ದರೆ ನನ್ನ ಓಟು ಇದಕ್ಕೇ.