ಐನೂರು ಡಾಲರಿನ ತೆಪ್ಪ: ಗಾಳಿ ತುಂಬುವ ಪ್ಯಾಡಲ್‌ಬೋರ್ಡ್ ಎರಡು ಬೇಸಿಗೆ ಬಳಸಿದ ಮೇಲೆ

ಸುತ್ತಿ ಬಳಸಿ ಹೇಳುವುದು ಬೇಡ. ಪ್ಯಾಡಲ್‌ಬೋರ್ಡ್ ಅಂದರೆ ಮೇಲೆ ನಿಂತು ಹುಟ್ಟು ಹಾಕುತ್ತ ನೀರಿನಲ್ಲಿ ಹೋಗುವ ಹಲಗೆ. ಗಾಳಿ ತುಂಬುವ ಪ್ಯಾಡಲ್‌ಬೋರ್ಡ್ ತಗೊಳ್ಳುವುದಾದರೆ ಆರು ಇಂಚು ದಪ್ಪದ್ದು ತಗೊಳ್ಳಿ, ಜೊತೆಗೆ ಕಾರಿಗೆ ಸಿಕ್ಕಿಸುವ ಪಂಪ್ ತಗೊಳ್ಳಿ. ಅವಸರ ಇದ್ದವರು ಇಲ್ಲಿಗೇ ನಿಲ್ಲಿಸಬಹುದು. ಯಾಕೆ ಅಂತ ಕೇಳುವವರಿಗೆ ಮುಂದಿನದು. ಅದರಲ್ಲಿ ನನ್ನ ಪೆದ್ದುತನವೂ ಸಾಕಷ್ಟಿದೆ.

ನಾವಿರುವುದು ಸಿಯಾಟಲ್ ಪಕ್ಕದ ಇಸಾಕ್ವಾದಲ್ಲಿ. ಮನೆಯಿಂದ ಹತ್ತು ನಿಮಿಷ ಕಾರು ಓಡಿಸಿದರೆ ಸಮಾಮಿಶ್ ಕೆರೆ. ಕೆರೆ ಅಂದರೆ ನಮ್ಮೂರಿನ ಕೆರೆಯ ಹಾಗಲ್ಲ, ಉದ್ದವೇ ಸುಮಾರು 7 ಮೈಲಿ. ಜುಲೈ ಬಂತೆಂದರೆ ಅರ್ಧ ಊರು ನೀರಿನ ಮೇಲೆ ನಿಂತಿರುತ್ತದೆ. ಸಗಟು ಸಾಮಾನು ಮಾರುವ ಕಾಸ್ಟ್‌ಕೋ ಅಂಗಡಿಯ ಹೆಡ್ ಆಫೀಸು ಇರುವುದೂ ಇದೇ ಊರಲ್ಲಿ. ಅವರ ಅಂಗಡಿಗೆ ಅಕ್ಕಿ ಮೂಟೆ ತರಲು ಹೋದ ನಮ್ಮ ಕನ್ನಡದ ಗೆಳೆಯರೇ ಬೋರ್ಡ್ ಡಬ್ಬ ತಳ್ಳಿಕೊಂಡು ಬರುವುದನ್ನು ನೋಡಿದ್ದೇನೆ. ನೋಡಿ ನೋಡಿ ನನಗೂ ಚಪಲ ಹತ್ತಿತು.

ಗಟ್ಟಿ ಬೋರ್ಡ್ ನೀರಿನಲ್ಲಿ ಇನ್ನೂ ಚೆನ್ನಾಗಿ ಜಾರುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹತ್ತೂವರೆ ಅಡಿಯ ಸಾಮಾನನ್ನು ಬಾಡಿಗೆ ಮನೆಯಲ್ಲಿ ಎಲ್ಲಿಡುವುದು? ಕಾರಿನ ಮೇಲೆ ಕಟ್ಟಲು ರ್‍ಯಾಕ್ ಬೇರೆ ಬೇಕು. ಗಾಳಿಯದ್ದಾದರೆ ಚಾಪೆ ಸುತ್ತಿದ ಹಾಗೆ ಸುತ್ತಿ ಡಿಕ್ಕಿಗೆ ಹಾಕಬಹುದು. ಹಾಗಾಗಿ ಆ ಕಡೆ ಜಾಸ್ತಿ ಯೋಚಿಸಲಿಲ್ಲ.

ಮೊದಲು ಆನ್‌ಲೈನ್‌ನಲ್ಲಿ ಇನ್ನೂರು ಚಿಲ್ಲರೆ ಡಾಲರಿಗೆ ಒಂದು ತರಿಸಿದೆ. ಹತ್ತು ಅಡಿ ಉದ್ದ, 30 ಇಂಚು ಅಗಲ, ದಪ್ಪ 4 ಇಂಚು. ಫೋಟೋದಲ್ಲಿ ಎಲ್ಲ ಬೋರ್ಡುಗಳೂ ಒಂದೇ ಥರ ಕಾಣುತ್ತವೆ, ಆ ನಾಲ್ಕು ಇಂಚಿನ ಕಡೆ ನನ್ನ ಕಣ್ಣೇ ಹೋಗಲಿಲ್ಲ. ನನ್ನ ತೂಕ 85 ಕಿಲೋ. ಎದ್ದು ನಿಂತ ಕೂಡಲೇ ಅದು ಹಳೇ ಹಗ್ಗದ ಮಂಚದ ಹಾಗೆ ನಡು ಬಗ್ಗಿಸಿತು. ಮೂತಿ ಮೇಲಕ್ಕೆ, ಬಾಲ ಮೇಲಕ್ಕೆ, ನನ್ನ ಪಾದ ಮಾತ್ರ ನೀರಿನಲ್ಲಿ. ಹುಟ್ಟು ಹಾಕಿದಷ್ಟೂ ಕುಣಿಯುತ್ತಿತ್ತೇ ಹೊರತು ಮುಂದೆ ಹೋಗುತ್ತಿರಲಿಲ್ಲ. ಒಂದೇ ತಿಂಗಳಲ್ಲಿ ಅಂಚಿನ ಅಂಟು ಬಿಟ್ಟು ಗಾಳಿ ಸೋರತೊಡಗಿತು. ಮೇಲ್ಮೈಯಲ್ಲಿ ತೂತಾದರೆ ಪಿವಿಸಿ ತೇಪೆ ಹಚ್ಚಬಹುದು, ಅಂಚು ಬಿಟ್ಟರೆ ಮನೆಯಲ್ಲಿ ಸರಿಮಾಡುವುದು ಕಷ್ಟ. ಮಾರಿದವರಿಗೆ ಮೂರು ಸಲ ಬರೆದೆ. ಮೂರು ಸಲವೂ 'ಫೋಟೋ ಕಳಿಸಿ' ಅಂದರು.

ಈಗಿರುವುದು ಎರಡನೆಯದು. ಹತ್ತೂವರೆ ಅಡಿ ಉದ್ದ, 32 ಇಂಚು ಅಗಲ, 6 ಇಂಚು ದಪ್ಪ. ಐನೂರರ ಮೇಲೆ ಸ್ವಲ್ಪ ಆಯಿತು. ಕಂಪನಿ ಹೆಸರು ಬರೆಯುತ್ತಿಲ್ಲ, ಯಾಕೆಂದರೆ ಇದೇ ಅಳತೆಯದ್ದನ್ನು ಹತ್ತಾರು ಕಂಪನಿಗಳು ಮಾಡುತ್ತವೆ, ಹೊಸಬರಿಗೆ ಸರಿಹೊಂದುವ ಅಳತೆಯೂ ಇದೇ. ರೆಡ್ ಪ್ಯಾಡಲ್ ಕಂಪನಿಯ ಬೋರ್ಡನ್ನೂ ನೋಡಿದ್ದೆ. ಚೆನ್ನಾಗಿದೆ, ಬೆಲೆ ನೋಡಿ ಕೈಮುಗಿದು ಬಂದೆ. ಉದ್ದ ಜಾಸ್ತಿಯಾದಷ್ಟೂ ನೆಟ್ಟಗೆ, ಬೇಗ ಹೋಗುತ್ತದೆ. ಅಗಲ ಜಾಸ್ತಿಯಾದಷ್ಟೂ ಅಲುಗಾಟ ಕಡಿಮೆ. ಹನ್ನೆರಡೂವರೆ ಅಡಿಯ ಟೂರಿಂಗ್ ಬೋರ್ಡ್ ದೂರ ಹೋಗುವವರಿಗೆ. ಭಾನುವಾರ ಬೆಳಿಗ್ಗೆ ಎರಡು ತಾಸು ತೇಲಾಡಿ ಬಂದು ಉಪ್ಪಿಟ್ಟು ತಿನ್ನುವವರಿಗೆ ಅದು ಬೇಡ. '300 ಪೌಂಡ್ ಹೊರುತ್ತದೆ' ಅಂತ ಡಬ್ಬದ ಮೇಲೆ ಬರೆದಿರುತ್ತಾರೆ, ಅದನ್ನು ಮುಳುಗುವುದಿಲ್ಲ ಅಂತ ಅಷ್ಟೇ ಓದಿಕೊಳ್ಳಿ. ಆರಾಮಾಗಿ ಹೋಗಬೇಕೆಂದರೆ ಅದರ ಮೂರನೇ ಎರಡು ಭಾಗಕ್ಕಿಂತ ಜಾಸ್ತಿ ಹೇರಬೇಡಿ.

ಗಾಳಿ ತುಂಬಿದ್ದು ಇಷ್ಟು ಗಟ್ಟಿ ಆಗುವುದು ಹೇಗೆ ಅಂತ ನನಗೂ ಅನುಮಾನವಿತ್ತು. ಒಳಗೆ ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ಸಾವಿರಾರು ದಾರಗಳನ್ನು ಒತ್ತಾಗಿ ಹೆಣೆದಿರುತ್ತಾರೆ. ಗಾಳಿ ಉಬ್ಬಿಸಲು ನೋಡುತ್ತದೆ, ದಾರ ಬಿಡುವುದಿಲ್ಲ. ಹಾಗಾಗಿ ಬಲೂನಿನಂತೆ ದುಂಡಗಾಗದೆ ಹಲಗೆಯಂತೆ ಚಪ್ಪಟೆ ನಿಲ್ಲುತ್ತದೆ. 1956ರಲ್ಲಿ ಅಮೆರಿಕದ ಗುಡ್‌ಇಯರ್ ಕಂಪನಿ ಇದೇ ಉಪಾಯದಲ್ಲಿ ಗಾಳಿ ತುಂಬಿ ಹಾರಿಸುವ ವಿಮಾನವನ್ನೇ ಮಾಡಿತ್ತು. ಅದರ ಮುಂದೆ ನನ್ನ 85 ಕಿಲೋ ಏನು ಮಹಾ.

ಆದರೆ ಗಾಳಿ ಪೂರ್ತಿ ಇರಬೇಕು. ಇಡೀ ವ್ಯವಹಾರ ನಿಂತಿರುವುದು ಇದರ ಮೇಲೆ. ನನ್ನ ಬೋರ್ಡಿಗೆ 15 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹೇಳಿದ್ದಾರೆ. ಕಾರಿನ ಟೈರಿಗೆ ಮೂವತ್ತರ ಮೇಲೆ ಹಾಕಿಸುತ್ತೇವೆ, ಇದೇನು ಬರೀ ಹದಿನೈದು ಅನ್ನಿಸುತ್ತದೆ ಅಲ್ವಾ? ಕೈಪಂಪಿನಲ್ಲಿ ಹೊಡೆದು ನೋಡಿ, ಗೊತ್ತಾಗುತ್ತದೆ. ಮೊದಲ ಐದು ನಿಮಿಷ ಮುಳ್ಳು ಅಲುಗಾಡುವುದೇ ಇಲ್ಲ. ನಾನು ಮೀಟರ್ ಕೆಟ್ಟಿದೆ ಅಂದುಕೊಂಡಿದ್ದೆ. ಒಳಗೆ ಜಾಗ ತುಂಬುವವರೆಗೂ ಅದು ಹಾಗೇ. ಎಂಟು ದಾಟಿದ ಮೇಲೆ ಮೈಭಾರವೆಲ್ಲ ಹಾಕಿ ಒತ್ತಬೇಕು. ಹತ್ತಕ್ಕೆ ಬಂದಾಗ ಎಲ್ಲರೂ 'ಸಾಕು ಬಿಡು, ಗಟ್ಟಿ ಆಯ್ತು' ಅನ್ನುತ್ತಾರೆ. ಸಾಕಾಗಿರುವುದಿಲ್ಲ. ಮೀಟರ್ ನಂಬಿಕೆ ಇಲ್ಲದಿದ್ದರೆ ಹಲಸಿನಕಾಯಿ ತಟ್ಟುವ ಹಾಗೆ ಬೆರಳ ಗೆಣ್ಣಿನಿಂದ ತಟ್ಟಿ. ಹಲಸು ಮಂದ ಸದ್ದು ಕೊಟ್ಟರೆ ಹಣ್ಣಾಗಿದೆ ಅಂತ. ಬೋರ್ಡ್ ಮಂದ ಸದ್ದು ಕೊಟ್ಟರೆ ಇನ್ನೂ ಕಾಯಿ, ಹೊಡೆಯುತ್ತಿರಿ.

ಇನ್ನು ವಾಲ್ವ್. ಮುಚ್ಚಳ ತೆಗೆದರೆ ನಡುವೆ ಒಂದು ಸಣ್ಣ ಪಿನ್ ಇರುತ್ತದೆ, ಒತ್ತಿ ತಿರುಗಿಸಿದರೆ ಕೆಳಗೆ ನಿಲ್ಲುತ್ತದೆ, ಇನ್ನೊಮ್ಮೆ ತಿರುಗಿಸಿದರೆ ಮೇಲೆ ಏಳುತ್ತದೆ. ಗಾಳಿ ತುಂಬುವಾಗ ಮೇಲಿರಬೇಕು. ಮೊದಲ ದಿನ ನನ್ನದು ಕೆಳಗಿತ್ತು. ಕೆರೆ ದಂಡೆಯ ಟಿಬೆಟ್ಸ್ ಬೀಚಿನ ಹುಲ್ಲಿನ ಮೇಲೆ ಇಪ್ಪತ್ತು ನಿಮಿಷ ಬೆವರು ಸುರಿಸಿ ಪಂಪ್ ಹೊಡೆದು, ಟೀ ಶರ್ಟಿನಲ್ಲಿ ಮುಖ ಒರೆಸಿಕೊಂಡು, ಪೈಪ್ ಕಿತ್ತೆ. ಭುಸ್ಸೆಂದು ಅಷ್ಟೂ ಗಾಳಿ ಮುಖಕ್ಕೇ ಬಂತು. ಪಕ್ಕದಲ್ಲಿ ಐಸ್‌ಕ್ರೀಮ್ ತಿನ್ನುತ್ತಿದ್ದ ಎರಡು ಮಕ್ಕಳು ತಿನ್ನುವುದನ್ನೇ ಮರೆತು ನೋಡಿದವು. ಹೆಂಡತಿ 'ಮನೆಗೆ ಹೋಗೋಣ್ವಾ?' ಅಂದಳು.

ಮರುದಿನವೇ ನೂರು ಡಾಲರ್ ಕೊಟ್ಟು ಕರೆಂಟಿನ ಪಂಪ್ ತಂದೆ. ಕಾರಿನ 12 ವೋಲ್ಟ್ ಸಾಕೆಟ್ಟಿಗೆ ಸಿಕ್ಕಿಸಿ 15 ಅಂತ ಒತ್ತಿದರೆ ಹತ್ತು ನಿಮಿಷಕ್ಕೆ ತುಂಬಿಸಿ ತಾನೇ ನಿಲ್ಲುತ್ತದೆ. ಇದರಲ್ಲೂ ತಕರಾರು ಇಲ್ಲದಿಲ್ಲ. ಮಿಕ್ಸಿಯಲ್ಲಿ ದೋಸೆಹಿಟ್ಟು ರುಬ್ಬಿದ ಸದ್ದು, ಬೆಳಿಗ್ಗೆ ಏಳು ಗಂಟೆಯ ಪಾರ್ಕಿನಲ್ಲಿ ಎಲ್ಲರೂ ತಿರುಗಿ ನೋಡುತ್ತಾರೆ. ಕಾರಿನ ಎಂಜಿನ್ ಚಾಲೂ ಇಟ್ಟಿರಬೇಕು, ಇಲ್ಲದಿದ್ದರೆ ಬ್ಯಾಟರಿಗೆ ಕುತ್ತು. ವೈರು ಗಿಡ್ಡ, ಹಾಗಾಗಿ ಪಾರ್ಕಿಂಗಿನಲ್ಲೇ ತುಂಬಿ ಹತ್ತೂವರೆ ಅಡಿಯನ್ನು ಕಂಕುಳಲ್ಲಿಟ್ಟು ನೀರಿನವರೆಗೆ ನಡೆಯಬೇಕು. ಆದರೂ ಆ ನೂರು ಡಾಲರ್ ವ್ಯರ್ಥ ಅಂತ ಒಂದು ದಿನವೂ ಅನ್ನಿಸಿಲ್ಲ. ಪಂಪ್ ಹೊಡೆದು ಸುಸ್ತಾದವನು ನೀರಿಗಿಳಿಯುವ ಮೊದಲೇ ಸೋತಿರುತ್ತಾನೆ.

ಬೋರ್ಡಿನ ಜೊತೆ ಕೊಟ್ಟ ಹುಟ್ಟು ಅಲ್ಯೂಮಿನಿಯಂದು, ಮೂರು ತುಂಡಾಗಿ ಬಿಚ್ಚುತ್ತದೆ. ಕೆಲಸ ನಡೆಯುತ್ತದೆ, ಭಾರ ಜಾಸ್ತಿ, ಒಂದು ತಾಸಿಗೆ ಭುಜ ನೋವು ಬರುತ್ತದೆ. ಹಣ ಇದ್ದರೆ ಮುಂದೆ ಕಾರ್ಬನ್‌ದು ತಗೊಳ್ಳಿ. ನಿಮ್ಮ ತಲೆಗಿಂತ ಗೇಣುದ್ದ ಮೇಲಿರುವಷ್ಟು ಎತ್ತರಿಸಿಕೊಳ್ಳಿ. ಅದರ ಅಲಗು ಸ್ವಲ್ಪ ಬಾಗಿರುತ್ತದೆ, ಆ ಬಾಗು ಮುಂದಕ್ಕೆ ಇರಬೇಕು. ನೀರನ್ನು ಬಾಚಿಕೊಳ್ಳುವ ಹಾಗೆ ಹಿಂದಕ್ಕೆ ಬಾಗಿಸಿ ಹಿಡಿಯಬೇಕು ಅಂತ ಮನಸ್ಸಿಗೆ ಬರುತ್ತದೆ, ಅದು ತಪ್ಪು. ಈ ಕೆರೆಯಲ್ಲಿ ಉಲ್ಟಾ ಹಿಡಿದು ಹೋಗುವವರು ಪ್ರತಿ ವಾರ ಸಿಗುತ್ತಾರೆ. ನಾನೂ ಮೂರು ವಾರ ಹಾಗೇ ಹೋಗಿದ್ದೆ.

ನಿಲ್ಲುವುದು ಕಷ್ಟ ಅಂತ ಎಲ್ಲರೂ ಹೆದರುತ್ತಾರೆ, ಅದು ಹತ್ತು ನಿಮಿಷದ ಮಾತು. ಮೊಣಕಾಲೂರಿ ಸ್ವಲ್ಪ ದೂರ ಹೋಗಿ, ನಡುವಿನ ಹಿಡಿಯ ಎರಡೂ ಪಕ್ಕ ಪಾದ ಇಟ್ಟು ಏಳಿ, ದಡ ನೋಡಿ. ಪಾದ ನೋಡಿದರೆ ಬೀಳುತ್ತೀರಿ.

ನಿಜವಾಗಿ ಹೆದರಬೇಕಾದದ್ದು ಬೀಸುವ ಗಾಳಿಗೆ. ಮೊದಲ ವರ್ಷ ಒಂದು ಮೋಡದ ದಿನ ಕೆರೆಯ ದಕ್ಷಿಣ ತುದಿಯಿಂದ ಹೊರಟೆ. ಎರಡು ಸಲ ಹುಟ್ಟು ಹಾಕಿದರೆ ಸರ್‍ರೆಂದು ಹೋಗುತ್ತಿದ್ದೆ, ಭಲೇ ಕಲಿತೆ ಅಂತ ಒಳಗೊಳಗೇ ಹಿಗ್ಗಿದ್ದೆ. ಬೆನ್ನ ಹಿಂದಿನ ಗಾಳಿ ತಳ್ಳುತ್ತಿತ್ತು ಅಂತ ಗೊತ್ತಾಗಿದ್ದು ತಿರುಗಿದ ಮೇಲೆ. ಇಪ್ಪತ್ತು ನಿಮಿಷದಲ್ಲಿ ಹೋದ ದಾರಿಯನ್ನು ವಾಪಸು ಬರಲು ಎರಡು ತಾಸು ಬೇಕಾಯಿತು. ನಿಂತರೆ ಮೈಯೇ ಹಾಯಿ ಆಗಿಬಿಡುತ್ತದೆ, ಹಾಗಾಗಿ ಪೂರ್ತಿ ಮೊಣಕಾಲ ಮೇಲೆ ಬಂದೆ. ಈಗ ಹೊರಡುವಾಗ ಗಾಳಿಗೆ ಎದುರಾಗಿಯೇ ಹೋಗುತ್ತೇನೆ, ಸುಸ್ತಾದಾಗ ಅದೇ ಮನೆ ಕಡೆ ತಳ್ಳುತ್ತದೆ. ಮಧ್ಯಾಹ್ನದ ಮೇಲೆ ಗಾಳಿಯೂ ಏಳುತ್ತದೆ, ಮೋಟಾರ್ ಬೋಟುಗಳ ಅಲೆಯೂ ಬರುತ್ತದೆ. ಬೆಳಿಗ್ಗೆಯೇ ಸರಿ.

ಬೋರ್ಡಿನಿಂದ ಕಾಲಿಗೆ ಕಟ್ಟುವ ಹಗ್ಗ, ಅಂದರೆ ಲೀಶ್, ಬಿಡಲೇಬೇಡಿ. ನೀವು ಬಿದ್ದರೆ ಬೋರ್ಡನ್ನು ಬೀಸುವ ಗಾಳಿ ಒಯ್ಯುವ ವೇಗಕ್ಕೆ ಈಜಿ ಹಿಡಿಯಲಾಗುವುದಿಲ್ಲ. ಹರಿಯುವ ಹೊಳೆಯಲ್ಲಾದರೆ ಕಾಲಿಗೆ ಕಟ್ಟುವುದು ಅಪಾಯ, ಕೊಂಬೆಗೆ ಸಿಕ್ಕಿಹಾಕಿಕೊಂಡರೆ ಬಗ್ಗಿ ಬಿಚ್ಚಲಾಗುವುದಿಲ್ಲ. ಅಲ್ಲಿ ಸೊಂಟಕ್ಕೆ ಕಟ್ಟಿ ಎಳೆದರೆ ಬಿಚ್ಚಿಕೊಳ್ಳುವ ಥರದ್ದು ಬೇರೆ ಸಿಗುತ್ತದೆ. ಅಮೆರಿಕದ ಕೋಸ್ಟ್ ಗಾರ್ಡ್ 2008ರಲ್ಲೇ ಪ್ಯಾಡಲ್‌ಬೋರ್ಡನ್ನು ದೋಣಿಗಳ ಲೆಕ್ಕಕ್ಕೆ ಸೇರಿಸಿದೆ. ಹಾಗಾಗಿ ತಲೆಗೊಂದು ಲೈಫ್ ಜಾಕೆಟ್ ಜೊತೆಗಿರಬೇಕು, ಸೀಟಿ ಇರಬೇಕು. ವಾಷಿಂಗ್ಟನ್ ರಾಜ್ಯದಲ್ಲಿ ಹನ್ನೆರಡು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳು ಜಾಕೆಟನ್ನು ತೊಟ್ಟೇ ಇರಬೇಕು.

ಹೋದ ಜೂನ್‌ನಲ್ಲಿ ತೀರ್ಥಹಳ್ಳಿಯಿಂದ ಅಪ್ಪ ಬಂದಿದ್ದರು. ತುಂಗೆಯಲ್ಲಿ ಈಜು ಕಲಿತವರು, ಜಾಕೆಟ್ ಕೊಟ್ಟರೆ ನಕ್ಕರು. 'ಎಂತಕ್ಕೆ ಮಾರಾಯ, ನಾವು ಬಾಳೆದಿಂಡು ಕಟ್ಕೊಂಡು ಹೊಳೆ ದಾಟಿದವರು.' ಸರಿ, ಮೊದಲು ನೀರು ಮುಟ್ಟಿ ನೋಡಿ ಅಂದೆ. ಮೊಣಕಾಲವರೆಗೆ ಇಳಿದವರು ಉಸಿರು ಎಳೆದುಕೊಂಡು ಹಾಗೇ ಹಿಂದೆ ಬಂದು ಮಾತಿಲ್ಲದೆ ಜಾಕೆಟ್ ಹಾಕಿಕೊಂಡರು. ಇಲ್ಲಿ ಬಿಸಿಲು ನಂಬುವ ಹಾಗಿಲ್ಲ. ಮೇ ತಿಂಗಳಲ್ಲಿ ಮೇಲೆ ಬೆವರು ಬರುತ್ತದೆ, ಕೆಳಗೆ ನೀರು ಕೊರೆಯುತ್ತಿರುತ್ತದೆ. ಅಂಥ ನೀರಿಗೆ ದಿಢೀರನೆ ಬಿದ್ದರೆ ಉಸಿರು ತಪ್ಪಿ ಈಜು ಬಲ್ಲವರೂ ನೀರು ಕುಡಿಯುತ್ತಾರೆ. ಆಗಸ್ಟ್‌ನಲ್ಲಿ ಮಾತ್ರ ಹಿತ. ಬೋರ್ಡ್ ಮೇಲೆ ಅಪ್ಪ ಕಾಲು ಮಡಚಿ ಕೂತರು, ನಾನು ಹಿಂದೆ ನಿಂತು ಹುಟ್ಟು ಹಾಕಿದೆ. ಇಬ್ಬರ ಭಾರಕ್ಕೆ ಸ್ವಲ್ಪ ಆಳಕ್ಕೆ ಕೂತಿತು, ನಡು ಮಾತ್ರ ಬಗ್ಗಲಿಲ್ಲ. ಅರ್ಧ ತಾಸು ಸುಮ್ಮನಿದ್ದವರು ದಡ ಹತ್ತಿರ ಬಂದಾಗ 'ಇದಕ್ಕೆ ಎಷ್ಟು ಕೊಟ್ಟೆ?' ಅಂದರು. ಹೇಳಿದೆ. 'ತೆಪ್ಪಕ್ಕೆ ಐನೂರು ಡಾಲರಾ!'

ಒಂದು ಕಿರಿಕಿರಿ ನೀರಿನ ಕಳೆಯದು. ಈ ಕಡೆಯ ಕೆರೆಗಳಲ್ಲಿ ಮಿಲ್‌ಫಾಯಿಲ್ ಅನ್ನುವ ಹೊರಗಿನಿಂದ ಬಂದ ಕಳೆ ನೀರೊಳಗೆ ಬೆಳೆಯುತ್ತದೆ. ಬೋರ್ಡಿನ ಅಡಿಯ ರೆಕ್ಕೆಗೆ ಸುತ್ತಿಕೊಂಡರೆ ಯಾರೋ ಕಾಲು ಹಿಡಿದು ಎಳೆದ ಹಾಗೆ ನಿಂತುಬಿಡುತ್ತೀರಿ. ಗಿಡ್ಡ ರೆಕ್ಕೆ ಹಾಕಿದರೆ ಸ್ವಲ್ಪ ವಾಸಿ. ಅದರ ತುಂಡು ಒಂದೂ ಉಳಿಯದ ಹಾಗೆ ಕಿತ್ತು, ನೀರು ಬಸಿದು, ಒಣಗಿಸಿಯೇ ಮುಂದಿನ ಕೆರೆಗೆ ಒಯ್ಯಬೇಕು, ಇಲ್ಲದಿದ್ದರೆ ಅಲ್ಲಿಗೂ ನೀವೇ ನೆಟ್ಟಂತೆ. ರೆಕ್ಕೆ ಸಿಕ್ಕಿಸುವ ಪುಟ್ಟ ಸ್ಕ್ರೂ ಮರಳಲ್ಲಿ ಬಿದ್ದರೆ ಸಿಗುವುದಿಲ್ಲ, ಎರಡು ಜಾಸ್ತಿ ಇಟ್ಟುಕೊಂಡಿರಿ.

ಗಾಳಿ ತುಂಬಿದ ಬೋರ್ಡನ್ನು ಬಿಸಿಲಲ್ಲೋ ಮುಚ್ಚಿದ ಕಾರಲ್ಲೋ ಬಿಟ್ಟು ಊಟಕ್ಕೆ ಕೂರಬೇಡಿ. ಒಳಗಿನ ಗಾಳಿ ಬಿಸಿಯಾಗಿ ಒತ್ತಡ ಏರುತ್ತದೆ, ಅಂಚು ಹರಿಯಬಹುದು. ನೆರಳಿಗೆ ಎಳೆಯಿರಿ ಅಥವಾ ಸ್ವಲ್ಪ ಗಾಳಿ ಬಿಡಿ. ಈ ವರ್ಷ ರಾತ್ರಿ ಕಳೆಯುವಷ್ಟರಲ್ಲಿ ಗಾಳಿ ಇಳಿಯತೊಡಗಿದಾಗ ನನ್ನ ಎದೆ ಧಸಕ್ಕೆಂದಿತ್ತು, ಮತ್ತೆ ಅಂಚು ಹೋಯಿತು ಅಂತ. ಪಂಕ್ಚರ್ ಅಂಗಡಿಯವರು ಮಾಡುವ ಹಾಗೆ ಸೋಪಿನ ನೀರು ಬಳಿದು ನೋಡಿದೆ. ವಾಲ್ವಿನ ಸುತ್ತ ಸಣ್ಣ ಗುಳ್ಳೆ. ಜೊತೆಗೆ ಕೊಟ್ಟಿದ್ದ ಪ್ಲಾಸ್ಟಿಕ್ ಪಾನಾದಿಂದ ಕಾಲು ಸುತ್ತು ಬಿಗಿ ಮಾಡಿದೆ, ನಿಂತಿತು.

ಇಷ್ಟು ದಿನದಲ್ಲಿ ನಿಜವಾಗಿ ಕೈಕೊಟ್ಟದ್ದು ಬ್ಯಾಗು. ಬೋರ್ಡನ್ನು ಬಿಗಿಯಾಗಿ ಸುತ್ತದಿದ್ದರೆ ಒಳಗೆ ಹೋಗುವುದಿಲ್ಲ, ವಾಲ್ವ್ ಇಲ್ಲದ ಕಡೆಯಿಂದ ಸುತ್ತುತ್ತ ಬಂದರೆ ಗಾಳಿ ಪೂರ್ತಿ ಹೊರಗೆ ಹೋಗುತ್ತದೆ, ಆಗಲೂ ಮೊಣಕಾಲು ಹಾಕಿ ಅದುಮಬೇಕು. ಎರಡನೇ ಬೇಸಿಗೆಯಲ್ಲಿ ಜಿಪ್ ಹರಿಯಿತು. ಈಗ ಅಪ್ಪನ ಸೂಟ್‌ಕೇಸಿಗೆ ಅಮ್ಮ ಕಟ್ಟಿ ಕಳಿಸಿದ್ದ ಕೆಂಪು ನೈಲಾನ್ ಹಗ್ಗವನ್ನೇ ಅದಕ್ಕೆ ಸುತ್ತಿದ್ದೇನೆ.