ಕ್ಲಬ್ಬನ್ನು ನೆಚ್ಚುವುದೋ, ಊರೂರು ಅಲೆಯುವ ಆಟಗಾರನನ್ನೋ?

ವಾಸ್ಕೋಗೆ ಬಂದ ಮೇಲೆ ಕೆಲವು ವರ್ಷ ಎಫ್‌ಸಿ ಗೋವಾ ತಂಡಕ್ಕೇ ಅಂಟಿಕೊಂಡು ಫುಟ್‌ಬಾಲ್ ನೋಡಿದೆ. ಆಮೇಲೆ ತಂಡವನ್ನು ಬದಿಗಿಟ್ಟು ಆಟಗಾರರ ಬೆನ್ನು ಹತ್ತಿದೆ. ಎರಡರ ರುಚಿಯೂ ಬೇರೆ.

ಕ್ಲಬ್ ಹಿಡಿದರೆ ಮೊದಲು ಸಿಗುವುದು ಜೊತೆ. ಬೈನಾ, ಜುವಾರಿನಗರದ ಕನ್ನಡದ ಹುಡುಗರು ತಂಡದ ಕಿತ್ತಳೆ ಅಂಗಿ ತೊಟ್ಟು ಮಡಗಾಂವಿನ ಫತೋರ್ಡಾ ಕ್ರೀಡಾಂಗಣಕ್ಕೆ ಹೊರಟರೆಂದರೆ ಕೊಂಕಣಿ ಬಾರದವನೂ ಅಲ್ಲಿ ಪರಕೀಯನಲ್ಲ. ರಾತ್ರಿ ವಾಸ್ಕೋಗೆ ಮರಳುವ ವಾಹನ ಹುಡುಕುವ ಪಾಡು ಬೇರೆ ಮಾತು. ಆದರೆ ಕ್ಲಬ್ಬುಗಳು ಶಾಶ್ವತವೆಂದು ಯಾರೂ ನಂಬಬಾರದು. 2016ರಲ್ಲಿ ಗೋವಾದ ಹಳೆಯ ಕ್ಲಬ್ಬುಗಳಾದ ಸಾಲ್ಗಾಂವ್ಕರ್, ಸ್ಪೋರ್ಟಿಂಗ್ ಗೋವಾ ಆಗಿನ ರಾಷ್ಟ್ರೀಯ ಲೀಗ್ ಆಗಿದ್ದ ಐ-ಲೀಗ್‌ನಿಂದ ಹೊರನಡೆದವು. ಪುಣೆಯಲ್ಲಿರುವ ನನ್ನ ಸೋದರಮಾವ ಅಲ್ಲಿನ ಬಾಲೇವಾಡಿ ಕ್ರೀಡಾಂಗಣಕ್ಕೆ ತಪ್ಪದೆ ಹೋಗುತ್ತಿದ್ದರು. 2019ರಲ್ಲಿ ಪುಣೆ ಸಿಟಿ ತಂಡವೇ ಮುಚ್ಚಿತು, ಅದರ ಜಾಗಕ್ಕೆ ಹೈದರಾಬಾದ್ ಬಂತು. ಇಂದಿಗೂ ಅವರಿಗೆ ತಮ್ಮದೆನ್ನುವ ತಂಡವಿಲ್ಲ.

ಆಟಗಾರನನ್ನು ಹಿಂಬಾಲಿಸಲು ನಾನು ಮೊದಲು ಆರಿಸಿಕೊಂಡದ್ದು ಸುನಿಲ್ ಚೆಟ್ರಿಯವರನ್ನು. ಮೋಹನ್ ಬಾಗಾನ್, ಜೆಸಿಟಿ, ಈಸ್ಟ್ ಬೆಂಗಾಲ್, ಅಮೆರಿಕದ ಕಾನ್ಸಾಸ್ ಸಿಟಿ, ಲಿಸ್ಬನ್ನಿನ ಸ್ಪೋರ್ಟಿಂಗ್ ಮೀಸಲು ತಂಡ: ಅವರ ಹಳೆಯ ದಾರಿಯನ್ನು ಓದಿಯೇ ತಿಳಿಯಬೇಕಾಯಿತು. ಗೋವಾದ ಮಟ್ಟಿಗೆ ಅವರ ಕಾಲ್ಗುಣ ಒಳ್ಳೆಯದು. 2009-10ರಲ್ಲಿ ಡೆಂಪೊದಲ್ಲಿದ್ದರು, ಡೆಂಪೊ ಐ-ಲೀಗ್ ಗೆದ್ದಿತು. 2013ರಲ್ಲಿ ಚರ್ಚಿಲ್ ಬ್ರದರ್ಸ್‌ಗೆ ಬಂದರು, ಆ ಋತುವಿನ ಪ್ರಶಸ್ತಿ ಚರ್ಚಿಲ್‌ಗೆ. ಅದೇ ವರ್ಷ ಬೆಂಗಳೂರು ಎಫ್‌ಸಿ ಸೇರಿದ ಮೇಲೆ, ಮುಂಬೈ ಸಿಟಿಗೆ ಆಡಿದ ಎರಡು ಋತುಗಳನ್ನು ಬಿಟ್ಟರೆ, ಅಲೆದಾಟ ನಿಂತಿತು. ಅಭಿಮಾನಿಯ ಕೆಲಸವೂ ಹಗುರಾಯಿತು, ಸ್ವಲ್ಪ ಸಪ್ಪೆಯೂ ಆಯಿತೆನ್ನಿ.

2019ರ ಮಾರ್ಚ್‌ನಲ್ಲಿ ಮುಂಬೈಯ ಅಂಧೇರಿಯಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್. ಒಂದು ಕಡೆ ಗೋವಾ, ಇನ್ನೊಂದು ಕಡೆ ಚೆಟ್ರಿಯವರ ಬೆಂಗಳೂರು. ಮಡಗಾಂವಿನಿಂದ ರೈಲು ಹತ್ತಿದ ನಮ್ಮ ಗುಂಪು ದಾದರ್ ತಲುಪುವಷ್ಟರಲ್ಲಿ ಎರಡು ಪಕ್ಷವಾಗಿತ್ತು. ಹೆಚ್ಚುವರಿ ಸಮಯದಲ್ಲಿ, 117ನೇ ನಿಮಿಷಕ್ಕೆ ರಾಹುಲ್ ಭೇಕೆ ತಲೆಯಿಂದ ಹೊಡೆದ ಗೋಲು ಬೆಂಗಳೂರಿಗೆ ಪ್ರಶಸ್ತಿ ತಂದಿತು. ನನಗೆ ಖುಷಿಯಾಯಿತು. ಕಿತ್ತಳೆ ಅಂಗಿಯವರ ಜೊತೆ ವಾಪಸ್ ಬರುವಾಗ ಬಾಯಿ ಮುಚ್ಚಿಕೊಂಡಿದ್ದೆ.

ಆಟದ ಸೂಕ್ಷ್ಮವನ್ನು ಕಲಿಸಿದ್ದು ಮಾತ್ರ ನೈಜೀರಿಯಾದ ಬಾರ್ತಲೋಮ್ಯೂ ಓಗ್ಬೆಚೆ. ಪ್ಯಾರಿಸ್‌ನಲ್ಲಿ ಶುರು ಮಾಡಿ, 2002ರ ವಿಶ್ವಕಪ್ ಆಡಿ, ಸ್ಪೇನ್, ಗ್ರೀಸ್, ನೆದರ್ಲೆಂಡ್ಸ್ ಸುತ್ತಿ 2018ರಲ್ಲಿ ಭಾರತಕ್ಕೆ ಬಂದವರು. ಐಎಸ್‌ಎಲ್‌ನ ಮೊದಲ ಋತುವಿನಲ್ಲಿ ನಾರ್ತ್‌ಈಸ್ಟ್ ಯುನೈಟೆಡ್‌ಗೆ 12 ಗೋಲು, ಮರುಋತುವಿನಲ್ಲಿ ಕೇರಳ ಬ್ಲಾಸ್ಟರ್ಸ್‌ಗೆ 15. ಮುಂಬೈ ಸಿಟಿಯಲ್ಲಿ 8ಕ್ಕೆ ಇಳಿಯಿತು. ವಯಸ್ಸಾಯಿತು ಎಂದರು ಕೆಲವರು. ನಿಜವೆಂದರೆ ಅಲ್ಲಿ ಮುಂಚೂಣಿಯ ಜಾಗವನ್ನು ಆಡಮ್ ಲ ಫಾಂಡ್ರ್ ಜೊತೆ ಹಂಚಿಕೊಳ್ಳಬೇಕಿತ್ತು. ಮುಂದಿನ ಋತುವಿನಲ್ಲಿ ಹೈದರಾಬಾದ್ ಅವರನ್ನೇ ಮುಂದಿಟ್ಟುಕೊಂಡು ಆಡಿತು: 18 ಗೋಲು. ಒಂದೇ ತಂಡವನ್ನು ನೋಡುತ್ತಿದ್ದರೆ ಈ ವ್ಯತ್ಯಾಸ ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ. ತಮಾಷೆಯೆಂದರೆ ಕೋವಿಡ್‌ನಿಂದಾಗಿ ಆ ಎರಡೂ ಋತುಗಳು ಪೂರ್ತಿ ಗೋವಾದಲ್ಲೇ ನಡೆದವು. ಮುಂಬೈ ತಂಡಕ್ಕಾಗಿ ಅವರು ಆಡಿದ ಒಂದು ಪಂದ್ಯವೂ ಮುಂಬೈಯಲ್ಲಿ ನಡೆಯಲಿಲ್ಲ. ತಿಲಕ್ ಮೈದಾನದ ದೀಪಗಳು ನಮ್ಮ ಓಣಿಯ ತಾರಸಿಗಳಿಗೆ ಕಾಣುತ್ತಿದ್ದರೂ, ಗೇಟು ಮುಚ್ಚಿದ್ದರಿಂದ ಪಂದ್ಯ ನೋಡಿದ್ದು ಮೊಬೈಲಿನಲ್ಲಿ.

ಓಗ್ಬೆಚೆಯ ಹಿಂದೆ ಹೋದವನಿಗೆ ಲಕ್ಷ್ಮಿಕಾಂತ್ ಕಟ್ಟಿಮನಿ ಮತ್ತೆ ಸಿಕ್ಕರು. 2015ರ ಐಎಸ್‌ಎಲ್ ಫೈನಲ್, ಫತೋರ್ಡಾ: ಗೋವಾದ ಗೋಲ್‌ಕೀಪರ್ ಆಗಿದ್ದ ಅವರು ಕೊನೆಯ ಗಳಿಗೆಯಲ್ಲಿ ಚೆಂಡನ್ನು ತಮ್ಮದೇ ಬಲೆಗೆ ಸೇರಿಸಿದರು, ಚೆನ್ನೈಯಿನ್ 3-2ರಿಂದ ಗೆದ್ದಿತು. 2022ರ ಫೈನಲ್, ಅದೇ ಫತೋರ್ಡಾ: ಹೈದರಾಬಾದ್ ಪರ ಪೆನಾಲ್ಟಿ ಶೂಟೌಟ್‌ನಲ್ಲಿ ಮೂರು ಹೊಡೆತ ತಡೆದು ಕೇರಳವನ್ನು ಸೋಲಿಸಿದರು. ಕ್ಲಬ್ಬಿನ ಅಭಿಮಾನಿಗಳಿಗೆ ಈ ಕಥೆಯ ಮೊದಲ ಅರ್ಧ ಮಾತ್ರ ದಕ್ಕಿತು.

ಹೊಸದಾಗಿ ಗೋವಾಕ್ಕೆ ಬಂದವರು ಕೇಳಿದರೆ ಒಂದೆರಡು ಋತು ಕ್ಲಬ್ ಹಿಡಿಯಿರಿ, ನಾಲ್ಕು ಜನ ಪರಿಚಯವಾಗಲಿ ಎನ್ನುತ್ತೇನೆ. ಆಟ ತಿಳಿಯಬೇಕೆಂಬ ಹಟವಿದ್ದರೆ ನೆಲೆ ನಿಲ್ಲದ ಆಟಗಾರನೊಬ್ಬನನ್ನು ಆರಿಸಿಕೊಳ್ಳಿ, ಸಾಧ್ಯವಾದರೆ ಮೂವತ್ತು ದಾಟಿದವನನ್ನು.